ಮಣಿಕಟ್ಟಿನ ಮೇಲಿನ ಮೈಲಿಗಲ್ಲು

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಇರುವ ಅಮರಗೋಳದಲ್ಲಿ ಬೆಳಗಿನ ಐದೂವರೆಗೆ ಎರಡು ಬಗೆಯ ಜನ ಎದ್ದಿರುತ್ತಾರೆ. ಎಪಿಎಂಸಿ ಪ್ರಾಂಗಣಕ್ಕೆ ಮಾಲು ತಂದ ರೈತರು, ಚೀಲ ಇಳಿಸುವ ಹಮಾಲರು ಒಂದು ಕಡೆ. ನವನಗರದ ಸುತ್ತಿನ ರಸ್ತೆಗಳಲ್ಲಿ ಏದುಸಿರು ಬಿಡುತ್ತ ಓಡುವ ಹುಡುಗರು ಇನ್ನೊಂದು ಕಡೆ. ಓಡುವವರಲ್ಲಿ ಹೊಟ್ಟೆ ಕರಗಿಸಲು ಬಂದ ನೌಕರದಾರರೂ ಇದ್ದಾರೆ, ಮ್ಯಾರಥಾನ್ ಹುಚ್ಚು ಹಿಡಿದವರೂ ಇದ್ದಾರೆ. ಆದರೆ ಹೆಚ್ಚು ಗಂಭೀರವಾಗಿ ಓಡುವವರು ಪೊಲೀಸ್ ಭರ್ತಿಗೆ, ಸೇನಾ ಭರ್ತಿಗೆ ತಯಾರಿ ನಡೆಸಿದ ಹಳ್ಳಿಯ ಹುಡುಗರು. ಹಗಲು ಧಾರವಾಡದ ಕೋಚಿಂಗ್ ತರಗತಿ, ಬೆಳಗು ಓಟ.

ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿ 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಹಾಗಾಗಿ ಈ ಹುಡುಗರ ಲೆಕ್ಕವೆಲ್ಲ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ. ಸಮಯದ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ದೂರದ್ದು. ಇಬ್ಬರು ಗೆಳೆಯರು ಜೊತೆಯಾಗಿ ಓಡುತ್ತಾರೆ. ಒಬ್ಬನ ಕೈಯಲ್ಲಿ ಗಾರ್ಮಿನ್ ಕಂಪನಿಯ ಹಳೆಯ ಗಡಿಯಾರ, ಇನ್ನೊಬ್ಬನ ತೋಳಿಗೆ ಕಟ್ಟಿದ ಮೊಬೈಲ್. 'ನಂದು ಸಾವಿರದ ಆರನೂರು ಆತು, ನಿಂದಿನ್ನೂ ಆಗಿಲ್ಲೇನಲೇ?' ಎಂದು ಒಬ್ಬ ನಿಲ್ಲುತ್ತಾನೆ. 'ಇಲ್ಲೋ ಮಾರಾಯಾ, ಇನ್ನೂ ಮೂವತ್ತು ಮೀಟರ್ ತೋರಸಾಕತ್ತೈತಿ' ಎಂದು ಇನ್ನೊಬ್ಬ ಮುಂದೆ ಓಡುತ್ತಾನೆ. ರಸ್ತೆ ಒಂದೇ, ಓಟ ಒಂದೇ, ಆಕಾಶದ ಉಪಗ್ರಹಗಳೂ ಅವೇ. ಅಳತೆ ಮಾತ್ರ ಎರಡು.

ಮೂವತ್ತು ಮೀಟರ್ ಅಂದರೆ ನಗಬಹುದಾದ ಸಂಗತಿಯಲ್ಲ. ಗಡಿಯಾರ ನೂರಕ್ಕೆ ಎರಡರಷ್ಟು ಹೆಚ್ಚು ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಅದು 1,600 ಎಂದು ತೋರಿಸಿದಾಗ ಹುಡುಗ ನಿಜವಾಗಿ ಓಡಿದ್ದು 1,568 ಮೀಟರ್. ಅವನ ಸಮಯ 6 ನಿಮಿಷ 25 ಸೆಕೆಂಡ್ ಆಗಿದ್ದರೆ ಐದು ಸೆಕೆಂಡ್ ಉಳಿಯಿತೆಂದು ಹಿಗ್ಗುತ್ತಾನೆ. ಪರೀಕ್ಷೆಯ ದಿನ ಅದೇ ವೇಗದಲ್ಲಿ ಪೂರ್ತಿ 1,600 ಮೀಟರ್ ಓಡಿದರೆ ಆಗುವುದು 6 ನಿಮಿಷ 33 ಸೆಕೆಂಡ್. ಅಂದರೆ ಅನುತ್ತೀರ್ಣ. ಒಂದು ಮನೆಯ ನೌಕರಿ ಮೂರು ಸೆಕೆಂಡಿನಲ್ಲಿ ಹೋಗುತ್ತದೆ. ಹುಡುಗ ಕಾಲನ್ನು ಬಯ್ದುಕೊಳ್ಳುತ್ತಾನೆ. ಕೈಗಡಿಯಾರದ ಮೇಲೆ ಅನುಮಾನ ಬರುವುದಿಲ್ಲ.

ಎಪಿಎಂಸಿಯಲ್ಲಿ ತೂಕದ ಕಾಟಾದ ಮೇಲೆ ಸರಕಾರದ ಮುದ್ರೆ ಇರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅದನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ಬಟ್ಟೆ ಅಂಗಡಿಯ ಮೀಟರ್ ಕೋಲಿಗೂ ಮುದ್ರೆ ಬೇಕು, ಆಟೋ ರಿಕ್ಷಾದ ಮೀಟರಿಗೂ ಬೇಕು. ಓಟಗಾರನ ಮಣಿಕಟ್ಟಿನ ಮೇಲಿನ ಅಳತೆಗೋಲಿಗೆ ಮಾತ್ರ ಯಾವ ಮುದ್ರೆಯೂ ಇಲ್ಲ. ಅದು ವ್ಯಾಪಾರಕ್ಕೆ ಬಳಸುವ ಸಾಧನವಲ್ಲವಾದ್ದರಿಂದ ಕಾನೂನು ಅದರ ತಂಟೆಗೆ ಹೋಗುವುದಿಲ್ಲ. ಹಾಗಾದರೆ ಅದನ್ನು ಎಷ್ಟು ನಂಬಬೇಕು? ಈ ಪ್ರಶ್ನೆ ಹೊಸದೆಂದು ತೋರಿದರೂ ಹೊಸದಲ್ಲ. ಅಳತೆಗೋಲನ್ನು ಅಳೆಯುವವರು ಯಾರು ಎಂಬ ಜಗಳ ಈ ನೆಲದಲ್ಲಿ ಬಹಳ ಹಳೆಯದು.

ಗಳೆಯಿಂದ ಸರಪಳಿಗೆ

ಅಮರಗೋಳದ ಶಂಕರಲಿಂಗ ದೇವಸ್ಥಾನ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಮತ್ತರು, ಕಮ್ಮ ಎಂಬ ಭೂಮಿಯ ಅಳತೆಗಳು ಪರಿಚಿತ. ದೇವರಿಗೆ ಇಷ್ಟು ಮತ್ತರು ಕೆಯ್ಯನ್ನು ಬಿಟ್ಟರು ಎನ್ನುವಾಗ ಶಾಸನ ಬರೆಸಿದವರು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಅದನ್ನು ಯಾವ ಗಳೆಯಿಂದ ಅಳೆದದ್ದು ಎಂದೂ ಅನೇಕ ಕಡೆ ಹೇಳುತ್ತಾರೆ. ಏಕೆಂದರೆ ಗಳೆ, ಅಂದರೆ ಅಳೆಯುವ ಕೋಲು, ಊರಿಂದ ಊರಿಗೆ ಬೇರೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಇದೆ. ಅಲ್ಲಿನ ಶಾಸನಗಳಲ್ಲಿ ಭೇರುಂಡ ಗಳೆಯ ಹೆಸರು ಬರುತ್ತದೆ. ದಕ್ಷಿಣ ಭಾರತದ ಕೆಲವು ಗುಡಿಗಳಲ್ಲಿ ಅಳತೆಗೋಲಿನ ಉದ್ದವನ್ನು ಗೋಡೆಯ ಕಲ್ಲಿನಲ್ಲೇ ಗೀರಿ ಇಟ್ಟಿರುವುದೂ ಕಾಣಸಿಗುತ್ತದೆ. ಅನುಮಾನ ಬಂದವರು ತಮ್ಮ ಕೋಲನ್ನು ತಂದು ಗೋಡೆಗೆ ಹಿಡಿದು ನೋಡಬಹುದಿತ್ತು. ಮುದ್ರೆ ಹಾಕುವ ಇಲಾಖೆಯ ಕೆಲಸವನ್ನು ಆಗ ದೇವರ ಗೋಡೆ ಮಾಡುತ್ತಿತ್ತು.

ದಾರಿಯ ಅಳತೆಗೆ ಇಷ್ಟು ಬಿಗಿ ಇರಲಿಲ್ಲ. ಗೇಣು, ಮೊಳ, ಮಾರು ದೇಹದಿಂದ ಬಂದವು. ಅದಕ್ಕಿಂತ ದೊಡ್ಡದಕ್ಕೆ ಕೂಗಳತೆ, ಹರದಾರಿ, ಗಾವುದ. ಹರದಾರಿ ಎಂದರೆ ಹೆಚ್ಚು ಕಡಿಮೆ ಮೂರು ಮೈಲಿ ಎನ್ನುವುದು ರೂಢಿ. ಆದರೆ 'ಇನ್ನೇನ್ ಒಂದ ಹರದಾರಿ' ಎಂದು ಹಳ್ಳಿಯವರು ಹೇಳಿದ್ದನ್ನು ನಂಬಿ ನಡೆದವರಿಗೆ ಆ ಹರದಾರಿ ಎಷ್ಟು ಹಿಗ್ಗಬಲ್ಲದೆಂದು ಗೊತ್ತು. ನಡೆಯುವವನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ಊರು ಎಷ್ಟು ದೂರವಿದ್ದರೂ ಊಟಕ್ಕೆ ಮೊದಲು ಮುಟ್ಟಿದರೆ ಸಾಕು. ದೂರಕ್ಕೆ ತೆರಿಗೆ ಇಲ್ಲ, ಹೊಲಕ್ಕೆ ಇತ್ತು. ಅದಕ್ಕೇ ಹೊಲದ ಗಳೆಗೆ ಇದ್ದ ಶಿಸ್ತು ದಾರಿಯ ಹರದಾರಿಗೆ ಬರಲಿಲ್ಲ.

ದಾರಿಯನ್ನು ಇಂಚಿನ ಲೆಕ್ಕದಲ್ಲಿ ಅಳೆಯುವ ಹಟ ಕನ್ನಡ ನಾಡಿಗೆ ಬಂದದ್ದು ಟಿಪ್ಪು ಸುಲ್ತಾನನ ಪತನದ ನಂತರ. 1800ರ ಅಕ್ಟೋಬರಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಬೆಂಗಳೂರಿನ ಹತ್ತಿರ ಬಾಣಸವಾಡಿ ಮತ್ತು ಅಗರಗಳ ನಡುವೆ ಒಂದು ನೇರ ಗೆರೆಯನ್ನು ಅಳೆಯತೊಡಗಿದ. ಅವನ ಕೈಯಲ್ಲಿದ್ದದ್ದು ನೂರು ಅಡಿ ಉದ್ದದ ಉಕ್ಕಿನ ಸರಪಳಿ, ಒಟ್ಟು ನಲವತ್ತು ಕೊಂಡಿ. ಆ ಸರಪಳಿಯ ಚರಿತ್ರೆಯೂ ಸ್ವಾರಸ್ಯವಾಗಿದೆ: 1793ರಲ್ಲಿ ಚೀನಾ ಚಕ್ರವರ್ತಿಯ ಆಸ್ಥಾನಕ್ಕೆ ಹೋದ ಬ್ರಿಟಿಷ್ ನಿಯೋಗದ ಸಾಮಾನುಗಳ ಜೊತೆ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಯಲ್ಲಿ ಮಾರಾಟಕ್ಕೆ ಬಂದದ್ದು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಹಿಗ್ಗಿದ ಸರಪಳಿ ದೂರವನ್ನು ಕಡಿಮೆ ತೋರಿಸುತ್ತದೆ. ಆದ್ದರಿಂದ ಅದನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ತಾಪಕ್ಕೆ ತಕ್ಕಂತೆ ಲೆಕ್ಕ ತಿದ್ದುತ್ತಿದ್ದರು. ಏಳೂವರೆ ಮೈಲಿಗೂ ತುಸು ಕಡಿಮೆಯಾದ ಆ ಗೆರೆಗೆ ಸುಮಾರು ಎರಡು ತಿಂಗಳು ಹಿಡಿಯಿತು. ಇಂದು ಆ ದೂರವನ್ನು ಒಳ್ಳೆಯ ಓಟಗಾರ ಒಂದು ಗಂಟೆಯೊಳಗೆ ಮುಗಿಸುತ್ತಾನೆ.

1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಅಳೆದರು. ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ ನೆಲದ ಮೇಲೆ ಸರಪಳಿಯಿಂದ ಸಿಕ್ಕ ಉದ್ದಕ್ಕೂ ನಾಲ್ಕು ಇಂಚಿನ ವ್ಯತ್ಯಾಸವೂ ಇರಲಿಲ್ಲ. ಏಳು ಮೈಲಿಗೆ ನಾಲ್ಕು ಇಂಚು! ಇನ್ನೂರು ವರ್ಷಗಳ ನಂತರದ ಕೈಗಡಿಯಾರ ಈ ಮಟ್ಟಕ್ಕೆ ಹತ್ತಿರವೂ ಬರುವುದಿಲ್ಲ.

ಅದೇ ಕಾಲದಲ್ಲಿ ಮೈಸೂರು ಸೀಮೆಯ ನಕ್ಷೆ ಮಾಡುತ್ತಿದ್ದ ಕಾಲಿನ್ ಮೆಕೆಂಜಿಯ ತಂಡ ಮತ್ತು ಕಂಪನಿಯ ಬೇರೆ ಸರ್ವೆಯವರು ರಸ್ತೆಗಳನ್ನು ಅಳೆಯಲು ಬಳಸಿದ್ದು ಇನ್ನೊಂದು ಸಾಧನ. ಉದ್ದನೆಯ ಹಿಡಿಕೆಗೆ ಜೋಡಿಸಿದ ಒಂಟಿ ಗಾಲಿ, ಅದಕ್ಕೊಂದು ಎಣಿಕೆಯ ಮುಳ್ಳು. ಪೆರಂಬ್ಯುಲೇಟರ್ ಎಂದು ಅದರ ಹೆಸರು. ಅದನ್ನು ತಳ್ಳಿಕೊಂಡು ಊರಿಂದ ಊರಿಗೆ ನಡೆದರೆ ಮುಳ್ಳು ಮೈಲಿ ಲೆಕ್ಕ ಕೊಡುತ್ತಿತ್ತು. ಆದರೆ ಗಾಲಿ ಪ್ರಾಮಾಣಿಕವಾದಷ್ಟೂ ಮೋಸ ಮಾಡುತ್ತಿತ್ತು. ತಗ್ಗಿಗೆ ಇಳಿಯುವುದನ್ನೂ ದಿನ್ನೆ ಹತ್ತುವುದನ್ನೂ ತಳ್ಳುವವನು ಎಡಕ್ಕೆ ಬಲಕ್ಕೆ ವಾಲುವುದನ್ನೂ ಅದು ಒಂದೂ ಬಿಡದೆ ಕೂಡಿಸುತ್ತಿತ್ತು. ಆದ್ದರಿಂದ ನಕ್ಷೆ ಬರೆಯುವವರು ಗಾಲಿ ಹೇಳಿದ ದೂರದಲ್ಲಿ ಒಂದು ಪಾಲನ್ನು ಕಳೆದೇ ಬರೆಯುತ್ತಿದ್ದರು. ಈ ಗಾಲಿಯ ಗುಣವನ್ನು ನೆನಪಿಟ್ಟುಕೊಳ್ಳಬೇಕು. ಮಣಿಕಟ್ಟಿನ ಗಡಿಯಾರಕ್ಕೂ ಇದೇ ಗುಣ ಅಂಟಿದೆ.

ಧಾರವಾಡ ಜಿಲ್ಲೆಯ ಹೊಲಗಳಿಗೆ ಸರಪಳಿ ಬಂದದ್ದು 1840ರ ದಶಕದಲ್ಲಿ, ಜಾರ್ಜ್ ವಿಂಗೇಟ್ ಎಂಬ ಅಧಿಕಾರಿ ನಡೆಸಿದ ಕಂದಾಯ ಮೋಜಣಿಯಲ್ಲಿ. 33 ಅಡಿಯ ಆ ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗ ಮಾಡಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ರೂಪಾಯಿಯ ಆಣೆ ಹೋಗಿ ಎಷ್ಟೋ ಕಾಲವಾಯಿತು, ಹೊಲದ ಆಣೆ ಮಾತ್ರ ಉತ್ತರ ಕರ್ನಾಟಕದ ಉತಾರಗಳಲ್ಲಿ ಇನ್ನೂ ಉಳಿದಿದೆ. ಬಾಂದು ಕಲ್ಲಿನ ಜಗಳ ಬಂದಾಗ ರೈತ ಇಂದಿಗೂ ಮೋಜಣಿದಾರನನ್ನೇ ಕರೆಸುತ್ತಾನೆ, ಮೊಬೈಲ್ ತೋರಿಸಿ ತೀರ್ಮಾನ ಮಾಡಿಕೊಳ್ಳುವುದಿಲ್ಲ. ಈ ಒಂದು ವಿಷಯದಲ್ಲಿ ಅವನು ಓಟಗಾರನಿಗಿಂತ ಜಾಣ.

ದಾರಿಯ ಮೈಲಿ ಕಿಲೋಮೀಟರ್ ಆದದ್ದು ಸ್ವಾತಂತ್ರ್ಯದ ನಂತರ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಮೇಲೆ 1958ರಿಂದ ಹಂತ ಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂತು. ಪುಣೆ-ಬೆಂಗಳೂರು ರಸ್ತೆಯ ಕಲ್ಲುಗಳ ಮೇಲೆ ಕಿ.ಮೀ. ಬಂದರೂ ಜನರ ಬಾಯಲ್ಲಿ ಅವು ಮೈಲಿಗಲ್ಲುಗಳಾಗಿಯೇ ಉಳಿದವು.

ಗಡಿಯಾರವೇ ಅಳತೆಗೋಲಾದಾಗ

ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಕೈಗಡಿಯಾರಗಳಿಗೆ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕಿತ್ತು, ಅವು ಸಮಯ ಹೇಳುತ್ತಿದ್ದವು. ದೂರ ಹೇಳು ಎಂದು ಯಾರೂ ಅವನ್ನು ಕೇಳಿರಲಿಲ್ಲ. ಇಂದಿನ ಗಡಿಯಾರ ದೂರ ಹೇಳುತ್ತದೆ ನಿಜ, ಆದರೆ ಅದು ಒಳಗೊಳಗೆ ಮಾಡುವ ಕೆಲಸ ಸಮಯ ಹೇಳುವುದೇ.

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ವ್ಯವಸ್ಥೆ. ಅದರ ಮೊದಲ ಉಪಗ್ರಹ ಮೇಲೇರಿದ್ದು 1978ರಲ್ಲಿ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. 'ನಾನು ಇಂಥವನು, ಇಂಥ ಜಾಗದಲ್ಲಿದ್ದೇನೆ, ನನ್ನ ಗಂಟೆ ಇಷ್ಟು' ಎಂದು ಪ್ರತಿಯೊಂದೂ ರೇಡಿಯೋ ಸಂಕೇತದಲ್ಲಿ ಸಾರುತ್ತಲೇ ಇರುತ್ತದೆ. ಆ ಮಾತು ನೆಲ ಮುಟ್ಟಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಗಡಿಯಾರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ತಿಳಿಯುತ್ತದೆ. ಮೂರು ದಿಕ್ಕಿಗೆ ಮೂರು. ನಾಲ್ಕನೆಯದು ಕೈಗಡಿಯಾರದ ಸ್ವಂತ ಗಂಟೆಯ ತಪ್ಪನ್ನು ತಿದ್ದಿಕೊಳ್ಳಲು.

ಬೆಳಕಿನ ವೇಗದಲ್ಲಿ ಓಡುವ ಸಂಕೇತದ ಆಟವಾದ್ದರಿಂದ ಸಮಯದ ಸಣ್ಣ ತಪ್ಪೂ ದೊಡ್ಡ ದೂರವಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ 300 ಮೀಟರ್ ತಪ್ಪು. ಐನ್‌ಸ್ಟೀನನ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಇಂಥ 38 ಪಾಲುಗಳಷ್ಟು ಮುಂದೆ ಓಡುತ್ತದೆ. ಅದನ್ನು ಮೊದಲೇ ತಿದ್ದಿ ಇಡದಿದ್ದರೆ ಅಳತೆಯಲ್ಲಿ ದಿನಕ್ಕೆ 11 ಕಿ.ಮೀ.ನಷ್ಟು ತಪ್ಪು ಸೇರಿಕೊಳ್ಳುತ್ತಿತ್ತು. ಲ್ಯಾಂಬ್ಟನ್ನನ ಸರಪಳಿಗೆ ಬಿಸಿಲಿನ ತಿದ್ದುಪಡಿ ಬೇಕಾಗಿತ್ತು, ಈ ಸರಪಳಿಗೆ ಐನ್‌ಸ್ಟೀನನ ತಿದ್ದುಪಡಿ ಬೇಕು.

ಜನಸಾಮಾನ್ಯರಿಗೆ ಈ ಸಂಕೇತ ಮೊದಲು ಸಿಕ್ಕಿದ್ದು ಕಲಬೆರಕೆಯಾಗಿ. ಶತ್ರುಗಳು ಬಳಸಿಕೊಂಡಾರು ಎಂಬ ಭಯದಿಂದ ಅಮೆರಿಕ ಬೇಕೆಂದೇ ತಪ್ಪನ್ನು ಬೆರೆಸಿ ಬಿಡುತ್ತಿತ್ತು. ಜಾಗ ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. 2000ದ ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಈ ಕಲಬೆರಕೆ ನಿಂತಿತು. ಮೂರೇ ವರ್ಷದಲ್ಲಿ, 2003ರಲ್ಲಿ, ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಗಡಿಯಾರ ಓಟಗಾರರ ಕೈಗೆ ಬಂತು. ಬೆಂಕಿಪೊಟ್ಟಣವನ್ನು ಮಣಿಕಟ್ಟಿಗೆ ಕಟ್ಟಿಕೊಂಡಂತೆ ಕಾಣುತ್ತಿತ್ತು ಎನ್ನುವುದು ಬೇರೆ ಮಾತು.

ಭಾರತವೂ ಈ ಕ್ಷೇತ್ರಕ್ಕೆ ಇಳಿದಿದೆ. ಇಸ್ರೊ ಸಂಸ್ಥೆಯ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಸಂಚಾರ ಕೇಂದ್ರ ಇರುವುದು ಬೆಂಗಳೂರಿಗೆ ಹತ್ತಿರದ ಬ್ಯಾಲಾಳಿನಲ್ಲಿ. ಅಲ್ಲೂ ಕಾಡಿದ್ದು ಗಡಿಯಾರವೇ. ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟು ನಿಂತವು. 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ಗಡಿಯಾರವನ್ನು ಇಟ್ಟರು, ಜೊತೆಗೆ ಕೈಗಡಿಯಾರದಂಥ ಸಣ್ಣ ಸಾಧನಗಳಿಗೂ ಒಗ್ಗುವ ತರಂಗವನ್ನು ಸೇರಿಸಿದರು. 2025ರ ಜನವರಿಯಲ್ಲಿ ಹಾರಿದ ಅದರ ತಮ್ಮ ಮಾತ್ರ ಉದ್ದೇಶಿತ ಕಕ್ಷೆಗೆ ಸೇರಲಿಲ್ಲ. ಈಚಿನ ಕೆಲವು ಮೊಬೈಲುಗಳು ಜಿಪಿಎಸ್ ಜೊತೆಗೆ ನಾವಿಕ್ ಸಂಕೇತವನ್ನೂ ಓದುತ್ತವೆ.

ಚುಕ್ಕೆಗಳ ನಡುವಿನ ದಾರಿ

ಇಷ್ಟೆಲ್ಲ ಆದ ಮೇಲೆ ಗಡಿಯಾರ ಎಡವುವುದು ಎಲ್ಲಿ? ಅದು ರಸ್ತೆಯನ್ನು ಅಳೆಯುವುದೇ ಇಲ್ಲ ಎನ್ನುವುದರಲ್ಲಿ. ಸೆಕೆಂಡಿಗೊಂದು ಚುಕ್ಕೆ ಇಡುತ್ತ ಹೋಗುತ್ತದೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆಯುತ್ತದೆ, ಗೆರೆಗಳನ್ನು ಕೂಡಿಸಿ ದೂರ ಎನ್ನುತ್ತದೆ. ರಂಗೋಲಿಯ ಚುಕ್ಕೆ ತಪ್ಪಿದರೆ ಎಳೆಯೂ ತಪ್ಪುವುದು ಸಹಜವಷ್ಟೆ. ಆಕಾಶ ಬಯಲಾಗಿದ್ದಾಗ ಸಾಮಾನ್ಯ ಮೊಬೈಲಿನ ಚುಕ್ಕೆ ನಿಜವಾದ ಜಾಗದ ಸುತ್ತ ಸುಮಾರು ಐದು ಮೀಟರ್ ವ್ಯಾಪ್ತಿಯಲ್ಲಿ ಬೀಳುತ್ತದೆ ಎಂದು ಅಮೆರಿಕದ ಸರಕಾರವೇ ಹೇಳುತ್ತದೆ. ಎಲ್ಲ ಚುಕ್ಕೆಗಳೂ ಒಂದೇ ಕಡೆಗೆ ಐದು ಮೀಟರ್ ಸರಿದರೆ ಚಿಂತೆಯಿಲ್ಲ, ದಾರಿ ಪಕ್ಕಕ್ಕೆ ಸರಿಯುತ್ತದೆ, ಉದ್ದ ಬದಲಾಗದು. ಒಂದು ಚುಕ್ಕೆ ಎಡಕ್ಕೆ, ಮುಂದಿನದು ಬಲಕ್ಕೆ ಬಿದ್ದರೆ ತೊಂದರೆ. ನೆಟ್ಟಗೆ ಓಡಿದವನು ಗಡಿಯಾರದ ಲೆಕ್ಕದಲ್ಲಿ ಕುಡಿದವನಂತೆ ಸೊಟ್ಟ ಓಡಿರುತ್ತಾನೆ. ಹಳೆಯ ಪೆರಂಬ್ಯುಲೇಟರ್ ಗಾಲಿ ಮಾಡಿದ ತಪ್ಪು ಇದೇ.

ಲೆಕ್ಕ ಸರಳವಾಗಿದೆ. ಸೆಕೆಂಡಿಗೆ ನಾಲ್ಕು ಮೀಟರ್ ಓಡುವ ಹುಡುಗನ ಚುಕ್ಕೆ ಪ್ರತಿ ಸಲ ಅರ್ಧ ಮೀಟರ್ ಪಕ್ಕಕ್ಕೆ ಜಿಗಿದರೆ ಗಡಿಯಾರ 4 ಮೀಟರ್ ಬದಲು 4.03 ಎನ್ನುತ್ತದೆ. 1,600 ಮೀಟರಿಗೆ ಹನ್ನೆರಡು ಮೀಟರ್ ಹೆಚ್ಚು. ಜಿಗಿತ ಒಂದು ಮೀಟರ್ ಆದರೆ ತಪ್ಪು ನೂರಕ್ಕೆ ಮೂರು. ಇನ್ನು ಉಣಕಲ್ ಕೆರೆಯ ದಂಡೆಯಲ್ಲಿ ನಿಧಾನವಾಗಿ ನಡೆಯುವ ಹಿರಿಯರ ವಿಷಯ ನೋಡಿ. ಸೆಕೆಂಡಿಗೆ 1.4 ಮೀಟರ್ ನಡೆಯುವವರಿಗೆ ಅದೇ ಅರ್ಧ ಮೀಟರ್ ಜಿಗಿತ ನೂರಕ್ಕೆ ಆರರಷ್ಟು ಉಚಿತ ದೂರವನ್ನು ಕೊಡುತ್ತದೆ. ಡಾಕ್ಟರು ಹೇಳಿದ ಐದು ಕಿ.ಮೀ. ಮುಗಿಯಿತೆಂದು ಮನೆಗೆ ಹೋದವರು ಮುನ್ನೂರು ಮೀಟರ್ ಬಾಕಿ ಉಳಿಸಿರಬಹುದು. ಜಿಪಿಎಸ್ ದೂರವನ್ನು ಹಿಗ್ಗಿಸುವ ಈ ಗುಣವನ್ನು ಪೀಟರ್ ರಾನಾಕರ್ ಮತ್ತು ಸಂಗಡಿಗರು 2016ರ ಒಂದು ಪ್ರಬಂಧದಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟಿದ್ದಾರೆ. ಗಡಿಯಾರ ತಯಾರಿಸುವವರಿಗೂ ಇದು ಗೊತ್ತು. ಅದಕ್ಕೇ ಅವರು ಚುಕ್ಕೆಗಳ ಅಂಕುಡೊಂಕನ್ನು ಒಳಗೇ ಇಸ್ತ್ರಿ ಮಾಡಿ ತೋರಿಸುತ್ತಾರೆ. ಒಂದೊಂದು ಕಂಪನಿಯ ಇಸ್ತ್ರಿ ಒಂದೊಂದು ತರ. ಅಮರಗೋಳದ ಇಬ್ಬರು ಗೆಳೆಯರ ಮೂವತ್ತು ಮೀಟರ್ ಜಗಳದ ಮೂಲ ಬಹುಮಟ್ಟಿಗೆ ಇಲ್ಲಿದೆ.

ಇಸ್ತ್ರಿ ಹೆಚ್ಚಾದರೆ ಇನ್ನೊಂದು ಕಡೆ ಮಡಿಕೆ ಬೀಳುತ್ತದೆ. ಬ್ಯಾಟರಿ ಉಳಿಸಲೆಂದು ಕೆಲವು ಗಡಿಯಾರಗಳು ಐದಾರು ಸೆಕೆಂಡಿಗೊಮ್ಮೆ ಚುಕ್ಕೆ ಇಡುತ್ತವೆ. ನೇರ ರಸ್ತೆಯಲ್ಲಿ ಅಡ್ಡಿಯಿಲ್ಲ, ತಿರುವಿನಲ್ಲಿ ಗೆರೆ ಒಳಗಿನಿಂದ ಅಡ್ಡ ಹಾಯುತ್ತದೆ. 400 ಮೀಟರ್ ಮೈದಾನದ ತಿರುವಿನಲ್ಲಿ ಇಪ್ಪತ್ತು ಮೀಟರ್ ಓಡಿದರೆ ಗಡಿಯಾರ ಅದರಲ್ಲಿ ಒಂದು ಗೇಣು ನುಂಗುತ್ತದೆ. ಹೀಗೆ ಒಂದೇ ಸಾಧನ ನೇರದಲ್ಲಿ ಕೂಡಿಸುತ್ತದೆ, ತಿರುವಿನಲ್ಲಿ ಕಳೆಯುತ್ತದೆ. ಎರಡೂ ಸೇರಿ ಕೆಲವೊಮ್ಮೆ ಲೆಕ್ಕ ಸರಿಯಾಗಿಬಿಡುವುದೂ ಉಂಟು. ಎರಡು ತಪ್ಪು ಸೇರಿ ಒಂದು ಒಪ್ಪಾಗುವ ಈ ಪವಾಡವನ್ನೇ ಓಟಗಾರರು 'ನನ್ನ ಗಡಿಯಾರ ಕರೆಕ್ಟ್' ಎನ್ನುತ್ತಾರೆ.

ಮರ, ಕಟ್ಟಡ, ಮೇಲ್ಸೇತುವೆಗಳು ಸಂಕೇತವನ್ನು ತಡೆಯುತ್ತವೆ ಅಥವಾ ಪ್ರತಿಧ್ವನಿಯಂತೆ ತಿರುಗಿಸಿ ಕಳಿಸುತ್ತವೆ. ಗೋಡೆಗೆ ಬಡಿದು ಬಂದ ಸಂಕೇತ ಸುತ್ತಿ ಬಂದದ್ದರಿಂದ ತಡವಾಗಿರುತ್ತದೆ, ತಡವಾದದ್ದನ್ನು ಗಡಿಯಾರ ದೂರವೆಂದು ತಿಳಿಯುತ್ತದೆ. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಬಿಆರ್‌ಟಿಎಸ್ ಚಿಗರಿ ಬಸ್ಸಿನ ದಾರಿಗಾಗಿ ಹುಬ್ಬಳ್ಳಿ-ಧಾರವಾಡ ರಸ್ತೆಯ ನೂರಾರು ಮರಗಳು ಉರುಳಿದವು. ಆಕಾಶ ಬಯಲಾಯಿತು, ಉಪಗ್ರಹಗಳು ನಿಚ್ಚಳವಾಗಿ ಕಾಣುತ್ತವೆ. ಗಡಿಯಾರಕ್ಕೆ ಲಾಭ, ಓಡುವವನ ನೆತ್ತಿಗೆ ಬಿಸಿಲು. ಎರಡು ತರಂಗಗಳನ್ನು ಒಟ್ಟಿಗೆ ಓದುವ ಹೊಸ ಗಡಿಯಾರಗಳು ಇಂಥ ಪ್ರತಿಧ್ವನಿಯನ್ನು ಬಹಳಷ್ಟು ಗುರುತಿಸಿ ಬಿಡುತ್ತವೆ. ಆದರೆ ಅವುಗಳ ಬೆಲೆ ಭರ್ತಿಗೆ ಓಡುವ ಹುಡುಗನ ಕೈಗೆ ಎಟುಕುವಂಥದ್ದಲ್ಲ.

ಏರು ಇಳಿತದ ಬಗ್ಗೆ ಮಾತ್ರ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲೂ ದೂರದ ವ್ಯತ್ಯಾಸ ಹನ್ನೆರಡೇ ಸೆಂಟಿಮೀಟರ್. ಎದೆ ಬಡಿತದಲ್ಲಿ ವ್ಯತ್ಯಾಸ ಹೆಚ್ಚು.

ಸೈಕಲ್ಲಿನ ಸಾಕ್ಷಿ

ಓಟದ ಸ್ಪರ್ಧೆಗಳನ್ನು ಏರ್ಪಡಿಸುವವರು ದಾರಿಯನ್ನು ಯಾವುದರಿಂದ ಅಳೆಯುತ್ತಾರೆ? ಉಪಗ್ರಹದ ಯುಗದಲ್ಲೂ ಅಧಿಕೃತ ಉತ್ತರ ಸೈಕಲ್. 1960ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಜಾನ್ ಜ್ಯುವೆಲ್ ಈ ವಿಧಾನವನ್ನು ವಿವರಿಸಿದ. ಅಮೆರಿಕದ ಓಟಗಾರ ಟೆಡ್ ಕಾರ್ಬಿಟ್ ಅದನ್ನು ತನ್ನ ದೇಶಕ್ಕೆ ತಂದ. 1971ರಲ್ಲಿ ಅಲನ್ ಜೋನ್ಸ್ ಮತ್ತು ಅವನ ಮಗ ಸೇರಿ ಮುಂದಿನ ಚಕ್ರಕ್ಕೆ ಹೊಂದಿಸುವ ಸಣ್ಣ ಎಣಿಕೆ ಯಂತ್ರವನ್ನು ಮಾಡಿದರು. ಅದರ ಒಂದೊಂದು ಎಣಿಕೆಯೂ ಗೇಣಿಗಿಂತ ಕಡಿಮೆ. ಮೊದಲು ಉಕ್ಕಿನ ಟೇಪಿನಿಂದ ಮುನ್ನೂರು ಮೀಟರಿಗೂ ಹೆಚ್ಚಿನ ನೇರ ದೂರವನ್ನು ಅಳೆದುಕೊಳ್ಳುತ್ತಾರೆ, ಟೇಪಿನ ತಾಪವನ್ನೂ ನೋಡುತ್ತಾರೆ. ಆ ದೂರದ ಮೇಲೆ ಸೈಕಲ್ಲನ್ನು ನಾಲ್ಕು ಸಲ ಓಡಿಸಿ ಎಣಿಕೆ ಬರೆದುಕೊಳ್ಳುತ್ತಾರೆ. ನಂತರ ಸ್ಪರ್ಧೆಯ ದಾರಿಯನ್ನು ಅಳೆದು, ಮತ್ತೆ ಬಂದು ನಾಲ್ಕು ಸಲ ಪರೀಕ್ಷಿಸುತ್ತಾರೆ. ಬೆಳಗಿಗೂ ಮಧ್ಯಾಹ್ನಕ್ಕೂ ಟೈರಿನ ಗಾಳಿ ಹಿಗ್ಗಿ ಎಣಿಕೆ ಬದಲಾಗುತ್ತದೆಯಲ್ಲ, ಅದಕ್ಕಾಗಿ. ಲ್ಯಾಂಬ್ಟನ್ನನ ಉಷ್ಣಮಾಪಕವೂ ಮೆಕೆಂಜಿಯ ಕಾಲದ ಗಾಲಿಯೂ ಇಲ್ಲಿ ಒಂದೇ ಸೈಕಲ್ ಮೇಲೆ ಕುಳಿತಿವೆ.

ಅಳೆಯುವವನು ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರಿನಲ್ಲಿ, ಅತ್ಯಂತ ಹತ್ತಿರದ ದಾರಿ ಹಿಡಿಯಬೇಕು. ಕೊನೆಗೆ ಸಾವಿರಕ್ಕೆ ಒಂದು ಮೀಟರಿನಂತೆ ಹೆಚ್ಚು ಸೇರಿಸಬೇಕು. ದಾರಿ ತುಸು ಹೆಚ್ಚಾದರೂ ಕಡಿಮೆ ಆಗಬಾರದು ಎಂಬ ಎಚ್ಚರ. ಹೀಗಾಗಿ 42.195 ಕಿ.ಮೀ. ಮ್ಯಾರಥಾನಿನಲ್ಲಿ 42 ಮೀಟರ್ ಕೊಸರು ಇದ್ದೇ ಇರುತ್ತದೆ. ಜನಜಂಗುಳಿಯಲ್ಲಿ ಓಡುವವನು ತಿರುವನ್ನು ಅಂಚಿನಿಂದ ಹಿಡಿಯಲಾರ, ನೀರು ಕುಡಿಯಲು ಆ ಬದಿಗೂ ಈ ಬದಿಗೂ ಹೋಗುತ್ತಾನೆ. ಅದರ ಮೇಲೆ ಚುಕ್ಕೆಗಳ ಸೊಟ್ಟ ನಡಿಗೆ. ಮ್ಯಾರಥಾನ್ ಮುಗಿದಾಗ ಗಡಿಯಾರ ನಲವತ್ತೆರಡೂವರೆ ದಾಟಿರುವುದು ಈ ಕಾರಣಕ್ಕೆ. 'ದಾರಿ ಉದ್ದ ಮಾಡಿದ್ದಾರೆ' ಎಂದು ಸಂಘಟಕರ ಮೇಲೆ ಹಾಯುವವರಿಗೆ ಈ ವಿವರ ತಿಳಿದಿರುವುದಿಲ್ಲ.

ಹಾಗೆಂದು ಸಂಘಟಕರು ಎಡವುವುದೇ ಇಲ್ಲವೆಂದಲ್ಲ. 1981ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಆಲ್ಬರ್ಟೊ ಸಲಾಜಾರ್ 2 ಗಂಟೆ 8 ನಿಮಿಷ 13 ಸೆಕೆಂಡಿನಲ್ಲಿ ಓಡಿದಾಗ ಅದು ವಿಶ್ವದ ಅತಿ ವೇಗದ ಓಟವೆಂದು ಜಗತ್ತು ಕೊಂಡಾಡಿತು. ಕೆಲವು ವರ್ಷಗಳ ನಂತರ ದಾರಿಯನ್ನು ಮತ್ತೆ ಅಳೆದಾಗ ಅದು ಸುಮಾರು 148 ಮೀಟರ್ ಕಡಿಮೆ ಇತ್ತು. ದಾಖಲೆ ಕೈಬಿಟ್ಟಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013ರಿಂದ 2015ರವರೆಗೆ 380 ಮೀಟರ್ ಮೊಟಕಾಗಿತ್ತು ಎಂದು ಆಮೇಲೆ ಗೊತ್ತಾಗಿ ಸಾವಿರಾರು ಜನರ ಸಮಯಗಳು ಲೆಕ್ಕಕ್ಕಿಲ್ಲದಾದವು. ಅಲ್ಲಿ ಹೋದದ್ದು ಮಾನ. ಪೊಲೀಸ್ ಭರ್ತಿಯ ಹುಡುಗನಿಗೆ ಹೋಗುವುದು ಅನ್ನ.

ಅವನ ಮಟ್ಟಿಗೆ ನಂಬಬಹುದಾದ ನೆಲ ಎಂದರೆ ಅಳೆದು ಗೆರೆ ಹಾಕಿದ 400 ಮೀಟರ್ ಟ್ರ್ಯಾಕ್. ನಾಲ್ಕು ಸುತ್ತಿಗೆ 1,600. ಅಲ್ಲೂ ಒಂದು ಎಚ್ಚರ ಬೇಕು. ಆ 400 ಮೀಟರ್ ಒಳಗಿನ ಮೊದಲ ಸಾಲಿಗೆ ಮಾತ್ರ, ಅದೂ ಒಳ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ ಲೆಕ್ಕ ಹಾಕಿದ್ದು. ಒಂದೊಂದು ಸಾಲು ಹೊರಗೆ ಸರಿದಂತೆ ಸುತ್ತಿಗೆ ಏಳೆಂಟು ಮೀಟರ್ ಏರುತ್ತದೆ. ಎಂಟನೆಯ ಸಾಲಿನ ಸುತ್ತು ಸುಮಾರು 453 ಮೀಟರ್. ನಾಲ್ಕನೆಯ ಸಾಲಿನಲ್ಲಿ ನಾಲ್ಕು ಸುತ್ತು ಓಡಿದವನು 90 ಮೀಟರ್ ಹೆಚ್ಚು ಓಡಿರುತ್ತಾನೆ, ಇಪ್ಪತ್ತು ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸ. ಗಡಿಯಾರ ಆಗ 1,690 ತೋರಿಸಿದರೆ ತಪ್ಪು ಗಡಿಯಾರದ್ದಲ್ಲ. ಈಚಿನ ಕೆಲವು ಗಡಿಯಾರಗಳಲ್ಲಿ ಟ್ರ್ಯಾಕಿಗೆಂದೇ ಬೇರೆ ಆಯ್ಕೆ ಇದೆ. ಸಾಲಿನ ಸಂಖ್ಯೆ ಹೇಳಿದರೆ ಚುಕ್ಕೆಗಳನ್ನು ಆ ಗೆರೆಗೆ ಹೊಂದಿಸಿಕೊಳ್ಳುತ್ತದೆ. ಉಪಗ್ರಹದ ಮೇಲಿನ ಭರವಸೆ ಬಿಟ್ಟು ಸುಣ್ಣದ ಗೆರೆಯನ್ನು ನಂಬುವ ಗಡಿಯಾರ ಎನ್ನಬಹುದು.

ಟ್ರ್ಯಾಕ್ ದೂರವಿರುವ ಹಳ್ಳಿಗಳಲ್ಲಿ ಹಳೆಯ ಸೈಕಲ್ ಒಂದು ಇದ್ದರೂ ಕೆಲಸ ನಡೆಯುತ್ತದೆ. ಮುಂದಿನ ಟೈರಿನ ಮೇಲೆ ಸುಣ್ಣದ ಒಂದು ಗುರುತು ಹಾಕಿ, ಓಡಿಸುವವನು ಮೇಲೆ ಕುಳಿತೇ ಹತ್ತು ಸುತ್ತು ನೇರವಾಗಿ ಉರುಳಿಸಿ, ಆ ದೂರವನ್ನು ಟೇಪಿನಿಂದ ಅಳೆದು ಹತ್ತರಿಂದ ಭಾಗಿಸಬೇಕು. ಮೇಲೆ ಭಾರ ಇಲ್ಲದೆ ಅಳೆದರೆ ಚಕ್ರದ ಸುತ್ತಳತೆ ಬೇರೆಯೇ ಬರುತ್ತದೆ. ಸುತ್ತು 2.10 ಮೀಟರ್ ಬಂದರೆ 1,600 ಮೀಟರಿಗೆ 762 ಸುತ್ತು. ಒಬ್ಬ ತುಳಿಯಬೇಕು, ಇನ್ನೊಬ್ಬ ಪಕ್ಕದಲ್ಲಿ ಎಣಿಸಬೇಕು, ಕೊನೆಯ ಸುತ್ತು ಮುಗಿದಲ್ಲಿ ಒಂದು ಕಲ್ಲು ನೆಡಬೇಕು. ಅಳೆಯುವುದು ಬೆಳಗಿನ ತಂಪಿನಲ್ಲೇ ಆಗಲಿ. ಮಧ್ಯಾಹ್ನದ ಬಿಸಿಲಿಗೆ ಟೈರು ಉಬ್ಬಿದರೆ ಕಲ್ಲು ಒಂದೆರಡು ಮೀಟರ್ ಮುಂದೆ ಹೋಗುತ್ತದೆ.